ರಿಮ್ಮಾ ನೇಯದ ಬಟ್ಟೆ

ಉಲ್ಯಾನಾ ನೋಡಿಕೊಳ್ಳುತ್ತಿದ್ದದ್ದು ಎಂಟು ಮಗ್ಗ. ಆರು ಅವಳವು. ಎರಡು ರಿಮ್ಮಾಳವು.

ರಿಮ್ಮಾ ಆ ಎರಡರ ಮುಂದೆ ನಿಂತದ್ದು ಒಂದೇ ಒಂದು ದಿನ. ಅದೂ ಅರ್ಧ ಪಾಳಿ. ತಲೆಗೆ ರೇಷ್ಮೆ ವಸ್ತ್ರ ಕಟ್ಟಿಕೊಂಡು ಬಂದಿದ್ದಳು. ಮಧ್ಯಾಹ್ನದ ಹೊತ್ತಿಗೆ ಎರಡೂ ಕಿವಿ ಮುಚ್ಚಿಕೊಂಡು ಹೊರಗೆ ಹೋದಳು. ಮಾರನೆಯ ದಿನ ಬರಲಿಲ್ಲ. ಆಮೇಲೂ ಬರಲಿಲ್ಲ. ಗಿರಣಿಯ ಡೈರೆಕ್ಟರರ ಮಗಳು ಯಾಕೆ ಬರಲಿಲ್ಲ ಎಂದು ಕೇಳುವವರು ಯಾರು? ಹಾಜರಿ ಪುಸ್ತಕದಲ್ಲಿ ಮಾತ್ರ ಅವಳು ಒಂದು ದಿನವೂ ತಪ್ಪಿಸಲಿಲ್ಲ.

ಮೇಸ್ತ್ರಿ ಕಪಿತೊಲಿನಾ ಆ ವಾರವೇ ಉಲ್ಯಾನಾಳನ್ನು ಬಾಗಿಲ ಹತ್ತಿರ ನಿಲ್ಲಿಸಿಕೊಂಡಿದ್ದಳು.

"ಆ ಎರಡನ್ನೂ ನೀನೇ ನೋಡ್ಕೊಳ್ಳೇ. ಆರಾದ್ರೇನು, ಎಂಟಾದ್ರೇನು. ಓಡೋವು ಅವೇ ಎರಡು ಕಾಲು ತಾನೆ."

"ಬಟ್ಟೆ ಯಾರ ಹೆಸರಿಗೆ?"

"ಅವಳ ಹೆಸರಿಗೆ. ನೋಡು, ನಿಂಗೆ ಸಂಜೆ ಶಾಲೆ ಇದೆ. ಪರೀಕ್ಷೆ ಇದ್ದಾಗ ಬೆಳಗಿನ ಪಾಳಿ ಹಾಕಿಕೊಡ್ತೀನಿ. ನಾನೂ ಮನುಷ್ಯಳೇ."

ಉಲ್ಯಾನಾ ಒಪ್ಪಿಕೊಂಡಳು. ಯಾರೂ ಅವಳ ಕುತ್ತಿಗೆಗೆ ಚಾಕು ಹಿಡಿದಿರಲಿಲ್ಲ. ಸಂಜೆ ಶಾಲೆಯ ಆಸೆಗೆ ಒಪ್ಪಿಕೊಂಡಳು. ಇದನ್ನು ಅವಳು ಎಂದೂ ಮುಚ್ಚಿಡಲಿಲ್ಲ.

ಎಂಟು ಮಗ್ಗ ಎಂದರೆ ಒಂದು ಪಾಳಿಗೆ ಇಪ್ಪತ್ತು ಕಿಲೋಮೀಟರು ನಡಿಗೆ. ಕಡಿದ ಹಾಸಿನ ಎಳೆಯನ್ನು ಹುಡುಕಬೇಕು, ಗಂಟು ಹಾಕಬೇಕು, ಲಾಳಿ ಬದಲಿಸಬೇಕು, ಅಷ್ಟರಲ್ಲಿ ಹಿಂದಿನ ಮಗ್ಗದಲ್ಲಿ ಇನ್ನೊಂದು ಎಳೆ ಕಡಿದಿರುತ್ತದೆ. ಹತ್ತಿಯ ಪುಡಿ ಗಂಟಲಿಗೆ, ಮೂಗಿಗೆ, ರವಿಕೆಯೊಳಕ್ಕೆ ಇಳಿಯುತ್ತದೆ. ಬೆರಳ ತುದಿ ಸೀಳುತ್ತದೆ. ಸೀಳಿದ ಕಡೆಯೇ ಮತ್ತೆ ದಾರ ಹಾಯುತ್ತದೆ. ನಾಲ್ಕು ನೂರು ಮಗ್ಗ ಒಟ್ಟಿಗೆ ಬಡಿಯುವ ಆ ಕೋಣೆಯಲ್ಲಿ ಮಾತು ಕೇಳುವುದಿಲ್ಲ. ನೇಯುವ ಹೆಂಗಸರು ತುಟಿಯಲ್ಲೇ ಮಾತಾಡುತ್ತಾರೆ. ದನಿ ಇಲ್ಲದೆ, ದೂರದಿಂದಲೇ, ಜಗಳವನ್ನೂ ಆಡುತ್ತಾರೆ. ಮನೆಗೆ ಹೋದ ಮೇಲೂ ಎದುರಿನವರ ಕಣ್ಣು ನೋಡದೆ ಬಾಯಿ ನೋಡುತ್ತಾರೆ.

ರಿಮ್ಮಾಳನ್ನು ನೇಯಲು ಕಳಿಸಿದ್ದಾದರೂ ಯಾಕೆ ಎಂದರೆ ಕಾಯಿದೆ ಬದಲಾಗಿತ್ತು. ಶಾಲೆ ಮುಗಿಸಿದವರು ಮೊದಲು ಎರಡು ವರ್ಷ ಮೈಮುರಿದು ದುಡಿಯಬೇಕು, ಉನ್ನತ ವಿದ್ಯೆಯ ಹತ್ತು ಸೀಟಿನಲ್ಲಿ ಎಂಟರವರೆಗೂ ಅಂಥವರಿಗೇ ಎಂದು ಮಾಸ್ಕೋ ಸಾರಿತ್ತು. ಅದು ಐವತ್ತೆಂಟರ ಡಿಸೆಂಬರು. ರೇಡಿಯೋದಲ್ಲಿ ಕೇಳಿದ ದಿನ ಗಿರಣಿಯ ವಠಾರದಲ್ಲಿ ಉಲ್ಯಾನಾಳ ಚಿಕ್ಕಮ್ಮ ಗ್ಲಾಫಿರಾ ಸೂಪಿನ ಚಮಚ ಕೆಳಗಿಟ್ಟಿದ್ದಳು.

"ಈ ಸಲ ಬಾಗಿಲು ನಮ್ಮ ಕಡೆಗೆ ತೆರ್ಕೊಂಡಿದೆ ಕಣೇ. ಮುಚ್ಚೋಕೆ ಮುಂಚೆ ಕಾಲಿಡು."

ಚಿಕ್ಕಮ್ಮನಿಗೆ ಬಾಗಿಲುಗಳ ವಿಷಯ ಗೊತ್ತಿತ್ತು. ಅವಳ ಅಜ್ಜಿ ಪೀಟರ್ಸ್‌ಬರ್ಗಿನಲ್ಲಿ ಪರರ ಬಟ್ಟೆ ಒಗೆಯುತ್ತಿದ್ದಾಗ, ಬಟ್ಟೆ ಒಗೆಯುವವರ, ಅಡಿಗೆಯವರ, ಗಾಡಿ ಹೊಡೆಯುವವರ ಮಕ್ಕಳನ್ನು ಹೈಸ್ಕೂಲಿಗೆ ಬಿಟ್ಟುಕೊಳ್ಳಬೇಡಿ ಎಂದು ಜಾರನ ಮಂತ್ರಿಯೇ ಸುತ್ತೋಲೆ ಕಳಿಸಿದ್ದ. ಜಾರ್ ಹೋದ. ಶಾಲೆಗಳೇ ಊರೂರಿಗೆ ಬಂದವು. ಗ್ಲಾಫಿರಾ ಎಂಟನೆಯ ತರಗತಿಯವರೆಗೂ ಓದಿದಳು. ನಲವತ್ತರ ಅಕ್ಟೋಬರಿನಲ್ಲಿ, ಎಂಟರಿಂದ ಮೇಲಕ್ಕೆ ವರ್ಷಕ್ಕೆ ನೂರೈವತ್ತು ರೂಬಲ್ ಶುಲ್ಕ ಎಂದರು. ಅವಳ ಊರಿನ ಸಾಮೂಹಿಕ ಹೊಲದಲ್ಲಿ ಕೂಲಿಗೆ ಕಾಳು ಸಿಗುತ್ತಿತ್ತು, ರೂಬಲ್ ಸಿಗುತ್ತಿರಲಿಲ್ಲ. ಭೂಗೋಳದ ಪಾಠದ ನಡುವೆ ಶುಲ್ಕ ಕಟ್ಟದ ಒಂಬತ್ತು ಜನರ ಹೆಸರು ಓದಿ ಎದ್ದು ನಿಲ್ಲಲು ಹೇಳಿದರು. ಗ್ಲಾಫಿರಾ ಎದ್ದಳು. ಹದಿನೈದು ವರ್ಷಕ್ಕೆ ಹತ್ತಿ ಹಿಂಜುವ ಯಂತ್ರದ ಮುಂದೆ ನಿಂತಳು. ಇಪ್ಪತ್ತೊಂದು ವರ್ಷವಾದರೂ ಅಲ್ಲೇ ನಿಂತಿದ್ದಳು. ರಾತ್ರಿಯಿಡೀ ಕೆಮ್ಮುತ್ತಿದ್ದಳು.

ಉಲ್ಯಾನಾ ಹದಿನಾರಕ್ಕೇ ಅದೇ ಊರು ಬಿಟ್ಟು ಚಿಕ್ಕಮ್ಮನ ಹತ್ತಿರ ಬಂದವಳು. ಈಗ ಇಪ್ಪತ್ತು. ಮೂರು ವರ್ಷ ಸಂಜೆ ಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತಾ ಎಂಟು, ಒಂಬತ್ತು, ಹತ್ತನ್ನು ಮುಗಿಸಿದ್ದಳು. ಜವಳಿ ಎಂಜಿನಿಯರ್ ಆಗಬೇಕು ಎಂಬುದು ಅವಳ ಆಸೆ. ಎಳೆ ಇಷ್ಟು ಕಡಿಯದಂಥ ಮಗ್ಗ ಮಾಡಲು ಬರುವುದಿಲ್ಲವೇ ಎಂದು ಅವಳಿಗೆ ತಿಳಿಯಬೇಕಿತ್ತು.

ರಿಮ್ಮಾ ಕೆಟ್ಟವಳಾಗಿದ್ದರೆ ಸುಲಭವಾಗುತ್ತಿತ್ತು. ಕೆಟ್ಟವಳಲ್ಲ. ದಾರಿಯಲ್ಲಿ ಸಿಕ್ಕರೆ ನಿಂತು ಮಾತಾಡಿಸುತ್ತಿದ್ದಳು. ಕೈಗೆ ಹಚ್ಚಿಕೋ ಎಂದು ಕ್ರೀಮಿನ ಡಬ್ಬಿ ಕೊಟ್ಟಿದ್ದಳು. ತ್ರಿಕೋನಮಿತಿ ತಲೆಗೆ ಹತ್ತುತ್ತಿಲ್ಲ ಎಂದಾಗ ಮನೆಗೇ ಕರೆದಳು.

ಆ ಮನೆಯಲ್ಲಿ ರಿಮ್ಮಾಳಿಗೆ ಬೇರೆ ಕೋಣೆ. ಮೇಜು, ಮೇಜಿನ ಮೇಲೆ ಹಸಿರು ಗಾಜಿನ ದೀಪ, ಗೋಡೆ ತುಂಬ ಪುಸ್ತಕ. ಉಲ್ಯಾನಾ ಇವನ್ನೆಲ್ಲ ನೋಡಿಯೂ ಸುಮ್ಮನಿದ್ದಳು. ಆದರೆ ರಿಮ್ಮಾ ಒಳಗೆ ಬಂದು ಕದ ಹಾಕಿಕೊಂಡಳು. ಅಷ್ಟೇ. ಕದ ಹಾಕಿದ ಕೂಡಲೇ ಮನೆಯ ಸದ್ದೆಲ್ಲ ನಿಂತುಹೋಯಿತು. ಉಲ್ಯಾನಾಳ ಹೊಟ್ಟೆಯೊಳಗೆ ಕೆಂಡ ಇಟ್ಟಂತಾಯಿತು. ಒಬ್ಬಳಿಗೆ ಒಂದು ಕದ. ವಠಾರದಲ್ಲಿ ನಾಲ್ಕು ಸಂಸಾರಕ್ಕೆ ಒಂದು ಕೋಣೆ, ನಡುವೆ ಪರದೆ. ಆ ಪರದೆಯ ಬಟ್ಟೆಯೂ ಗಿರಣಿಯ ಕಳಪೆ ಮಾಲೇ.

ರಿಮ್ಮಾ ಐದು ನಿಮಿಷದಲ್ಲಿ ಲೆಕ್ಕ ಬಿಡಿಸಿ ತೋರಿಸಿದಳು. ಉಲ್ಯಾನಾ ಮೂರು ಸಂಜೆ ಆ ಲೆಕ್ಕದ ಮೇಲೆ ತಲೆ ಇಟ್ಟು ನಿದ್ದೆ ಹೋಗಿದ್ದಳು. ಹೊಟ್ಟೆ ಉರಿದದ್ದು ಜಾಣತನಕ್ಕಲ್ಲ, ನಿದ್ದೆಗೆ. ಇವಳು ರಾತ್ರಿ ಎಂಟು ಗಂಟೆ ಮಲಗುತ್ತಾಳೆ. ಕಿವಿಯಲ್ಲಿ ಮಗ್ಗ ಬಡಿಯುವುದಿಲ್ಲ. ಕಾಲು ಜೋಮು ಹಿಡಿದು ಎಚ್ಚರವಾಗುವುದಿಲ್ಲ. ಆ ನಿದ್ದೆ ನನ್ನದು. ನನ್ನ ನಿದ್ದೆಯನ್ನು ಇವಳು ಮಲಗುತ್ತಿದ್ದಾಳೆ.

"ನಿಜ ಹೇಳ್ಲಾ?" ಎಂದಳು ರಿಮ್ಮಾ, ಪೆನ್ಸಿಲು ಕಚ್ಚಿಕೊಂಡು. "ನಿನ್ನ ಕಂಡ್ರೆ ನಂಗೇ ಹೊಟ್ಟೆಕಿಚ್ಚು. ನೀನು ನಿಜವಾದ ಜನರ ಮಧ್ಯೆ ಬದುಕ್ತೀಯ. ನಾನಿಲ್ಲಿ ಪುಸ್ತಕದ ಹುಳ."

ಉಲ್ಯಾನಾ ಅವಳ ಬಾಯಿಯನ್ನೇ ನೋಡಿದಳು. ತಮಾಷೆ ಮಾಡುತ್ತಿರಲಿಲ್ಲ. ಇದ್ದ ಒಂದು ಹೊಟ್ಟೆಕಿಚ್ಚನ್ನೂ ಇವಳೇ ತೆಗೆದುಕೊಂಡುಬಿಟ್ಟಳಲ್ಲ ಎನ್ನಿಸಿತು. ಥ್ಯಾಂಕ್ಸ್ ಹೇಳಿ ಎದ್ದು ಬಂದಳು. ಕ್ರೀಮಿನ ಡಬ್ಬಿಯನ್ನು ದಾರಿಯ ಹಿಮದಲ್ಲಿ ಎಸೆದಳು. ನೂರು ಹೆಜ್ಜೆ ಹೋಗಿ, ವಾಪಸು ಬಂದು, ಹುಡುಕಿ ಎತ್ತಿಕೊಂಡಳು. ಕೈ ಉರಿಯುತ್ತಿತ್ತು.

ಮೇ ತಿಂಗಳಲ್ಲಿ ಗೌರವ ಫಲಕಕ್ಕೆ ಹೊಸ ಚಿತ್ರ ಹಾಕಿದರು. ಗಿರಣಿಯ ಗೇಟಿನ ಎದುರಿಗೇ. ಯುವ ನೇಕಾರ್ತಿ ರಿಮ್ಮಾ ಒಸ್ಕೊಲ್ಕೊವಾ. ಉಲ್ಯಾನಾ ಬೆಳಿಗ್ಗೆ ಆರಕ್ಕೆ ಆ ಮುಖದ ಮುಂದೆ ಹಾದು ಒಳಗೆ ಹೋಗುತ್ತಿದ್ದಳು. ಒಳಗೆ ಹೋಗಿ ಆ ಮುಖಕ್ಕೆ ಬಟ್ಟೆ ನೇಯುತ್ತಿದ್ದಳು.

ಜೂನಿನಲ್ಲಿ ಕಾಗದ ಬಂತು.

ಮಾಸ್ಕೋದ ಒಂದು ಸಂಸ್ಥೆಗೆ ಗಿರಣಿ ಒಬ್ಬರನ್ನು ತನ್ನ ಖರ್ಚಿನಲ್ಲಿ ಓದಲು ಕಳಿಸಬಹುದಿತ್ತು. ಒಬ್ಬರನ್ನು ಮಾತ್ರ. ಉಲ್ಯಾನಾ ಅರ್ಜಿ ಹಾಕಿದ್ದಳು. ಶಿಫಾರಸು ಪತ್ರಕ್ಕೆ ಮೂರು ರುಜು ಬೇಕು. ಆಡಳಿತದ್ದು, ಕಾರ್ಮಿಕ ಸಂಘದ್ದು, ಯುವಸಂಘದ್ದು. ಮಗ್ಗದ ಮನೆಯ ಯುವಸಂಘಕ್ಕೆ ಉಲ್ಯಾನಾಳೇ ಕಾರ್ಯದರ್ಶಿ. ಕಪಿತೊಲಿನಾ ತಂದ ಕಾಗದದಲ್ಲಿ ಎರಡು ರುಜು ಆಗಲೇ ಬಿದ್ದಿದ್ದವು. ಹೆಸರು ಮಾತ್ರ ಉಲ್ಯಾನಾಳದಲ್ಲ.

ಅವಳು ನಿಂತುಕೊಂಡೇ ಓದಿದಳು. "ಸಂಗಾತಿ ಒಸ್ಕೊಲ್ಕೊವಾ ಎರಡು ವರ್ಷ ಮಗ್ಗದ ಮುಂದೆ ಶ್ರದ್ಧೆಯಿಂದ ದುಡಿದು, ಅರವತ್ತೊಂದು ಸಾವಿರ ಮೀಟರು ಬಟ್ಟೆ ನೇಯ್ದು..."

ಅರವತ್ತೊಂದು ಸಾವಿರ. ಅಷ್ಟು ಎಂದು ಅವಳಿಗೂ ಗೊತ್ತಿರಲಿಲ್ಲ.

"ರುಜು ಹಾಕ್ಬಿಡೇ," ಎಂದಳು ಕಪಿತೊಲಿನಾ. "ಮುಂದಿನ ವರ್ಷ ನೀನೇ. ನಾನೇ ಬರೆದುಕೊಡ್ತೀನಿ, ನಿನ್ನ ಮೊಮ್ಮಕ್ಕಳಿಗೂ ತೋರಿಸ್ಬಹುದು, ಹಂಗಿರುತ್ತೆ."

"ಮುಂದಿನ ವರ್ಷ ಯಾರ ಮಗಳು ಬರ್ತಾಳೆ?"

"ಬಾಯಿ ಉದ್ದ ಆಯ್ತು ನಿಂದು."

"ಇದನ್ನ ನೇಯ್ದೋಳು ನಾನು ಕಪಿತೊಲಿನಾ ಫೊಮಿನಿಚ್ನಾ."

"ನಂಗೆ ಗೊತ್ತಿಲ್ವಾ? ನಾನೇ ತಾನೆ ಬರೆದದ್ದು." ಕಪಿತೊಲಿನಾ ಅತ್ತಿತ್ತ ನೋಡಿದಳು. ದನಿ ನಿಲ್ಲಿಸಿ ಬರೀ ತುಟಿಯಲ್ಲಿ ಹೇಳಿದಳು: ನನಗೆ ಪಿಂಚಣಿಗೆ ಇನ್ನು ಒಂದು ವರ್ಷ ಇದೆ.

ಉಲ್ಯಾನಾ ಕಾಗದ ವಾಪಸು ಕೊಟ್ಟಳು. ರುಜು ಹಾಕಲಿಲ್ಲ.

ಮಾರನೆಯ ದಿನ ಡೈರೆಕ್ಟರರು ಕರೆಸಿದರು. ಸವೇಲಿ ನಿಕಾನೊರೊವಿಚ್ ಒಸ್ಕೊಲ್ಕೊವ್ ಗದರುವ ಮನುಷ್ಯನಲ್ಲ. ಕುರ್ಚಿ ತೋರಿಸಿದರು. ಗ್ಲಾಸಿನಲ್ಲಿ ಚಹಾ ತರಿಸಿದರು. ಅವಳು ಚಹಾ ಮುಟ್ಟಲಿಲ್ಲ.

"ನಾನು ಕಾರ್ಮಿಕರ ಶಾಲೆಗೆ ಸೇರಿದ್ದು ಮರದ ನಾರಿನ ಜೋಡು ಮೆಟ್ಕೊಂಡು," ಎಂದರು ಅವರು. "ಇಪ್ಪತ್ನಾಲ್ಕನೇ ಇಸವಿ. ಇಪ್ಪತ್ತು ಮೈಲಿ ನಡ್ಕೊಂಡು ಬಂದಿದ್ದೆ. ಓದು ಬರ್ತಿರಲಿಲ್ಲ ಅನ್ನೋಷ್ಟು ಕಮ್ಮಿ ಬರ್ತಿತ್ತು. ಆದ್ರೂ ತಗೊಂಡ್ರು. ಯಾಕೆ ಗೊತ್ತಾ? ಕೈ ನೋಡಿದ್ರು. ಕೈಯಲ್ಲಿ ಜಡ್ಡು ಇತ್ತು."

"ನಿಮಗೋಸ್ಕರ ಯಾರನ್ನ ಹೊರಗೆ ನಿಲ್ಸಿದ್ರು?"

"ಪಾದ್ರಿ ಮಕ್ಕಳನ್ನ. ವ್ಯಾಪಾರಿ ಮಕ್ಕಳನ್ನ. ನನಗಿಂತ ಚೆನ್ನಾಗಿ ಓದ್ತಿದ್ರು ಅವರು. ಸುಳ್ಳು ಹೇಳಲ್ಲ." ಅವರು ಕಿಟಕಿಯ ಕಡೆ ನೋಡಿದರು. "ಈಗ ನನ್ನ ಮಗಳನ್ನ ನಿಲ್ಲಿಸ್ತಿದಾರೆ. ತಲೆ ಇದೆ ಅವಳಿಗೆ. ಎರಡು ವರ್ಷ ಗದ್ದಲದಲ್ಲಿ ನಿಲ್ಲಿಸಿ ಆ ತಲೆ ಹಾಳು ಮಾಡ್ಬೇಕಾ?"

"ನನ್ನ ತಲೆ?"

ಅವರು ಚಹಾದ ಗ್ಲಾಸನ್ನು ಅವಳ ಕಡೆಗೆ ಸರಿಸಿದರು.

"ನನಗೂ ಒಂದು ಇದೆ ಸವೇಲಿ ನಿಕಾನೊರೊವಿಚ್. ನಾಲ್ಕು ವರ್ಷದಿಂದ ಅಲ್ಲೇ ನಿಂತಿದೆ."

"ಉಲ್ಯಾನಾ," ಎಂದರು ಅವರು, ಬೇಸರದಿಂದ. "ಒಂದು ಮಾತು ಹೇಳ್ತೀನಿ, ತಪ್ಪು ತಿಳ್ಕೋಬೇಡ. ಇದು ನ್ಯಾಯ ಅಲ್ಲಮ್ಮ. ಇದು ಹೊಟ್ಟೆಕಿಚ್ಚು."

ಎರಡು ವರ್ಷದಿಂದ ಆ ಮಾತಿಗೆ ಅವಳು ಹೆದರಿದ್ದಳು. ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡಾಗ, ಗೌರವ ಫಲಕದ ಮುಂದೆ ಹಾದುಹೋಗುವಾಗ, ಯಾರಾದರೂ ಅಂದುಬಿಟ್ಟಾರು ಎಂದು ತುಟಿ ಬಿಗಿಹಿಡಿದಿದ್ದಳು. ಈಗ ಅಂದುಬಿಟ್ಟರು. ಏನೂ ಆಗಲಿಲ್ಲ. ಗೋಡೆ ಬೀಳಲಿಲ್ಲ.

"ಹೌದು," ಎಂದಳು. "ಹೊಟ್ಟೆಕಿಚ್ಚೇ. ಅವಳ ಕದ ಕಂಡ್ರೆ ಹೊಟ್ಟೆಕಿಚ್ಚು. ಅವಳ ನಿದ್ದೆ ಕಂಡ್ರೆ ಹೊಟ್ಟೆಕಿಚ್ಚು. ಅವಳ ಕಿವಿ ಕಂಡ್ರೂ ಹೊಟ್ಟೆಕಿಚ್ಚು, ಅವು ಕೇಳ್ತವೆ. ನಂಗೆ ಎಡಗಿವಿ ಅರ್ಧ ಹೋಗಿದೆ. ಬೇರೆಯವರ ವಸ್ತು ಕಂಡು ಉರ್ಕೊಂಡ್ರೆ ಅದು ಕೆಟ್ಟ ಬುದ್ಧಿ. ನಾನು ಉರ್ಕೊಳ್ತಿರೋದು ನಂದನ್ನ ಕಂಡು. ಅರವತ್ತೊಂದು ಸಾವಿರ ಮೀಟರು ನಂದು."

"ರುಜು?"

"ಹಾಕಲ್ಲ."

"ಬೇರೆಯವರ ಕೈಲಿ ಹಾಕಿಸ್ಬಹುದು. ಗೊತ್ತಲ್ಲ ನಿಂಗೆ."

"ಹಾಕಿಸ್ಕೊಳ್ಳಿ. ನನ್ನ ಕೈಯಿಂದ ಬೇಡ. ಈ ಕೈಯಿಂದ ಅವಳಿಗೆ ಬೇಕಾದಷ್ಟು ಆಗಿದೆ."

ಅವಳು ಹೊರಬಂದಳು. ವಠಾರಕ್ಕೆ ಹೋಗಿ ಚಿಕ್ಕಮ್ಮನಿಗೆ ಎಲ್ಲ ಹೇಳಿದಳು. ಗ್ಲಾಫಿರಾ ಬಹಳ ಹೊತ್ತು ಕೆಮ್ಮಿದಳು. ಬೈಯುತ್ತಾಳೆ ಎಂದುಕೊಂಡರೆ ಬೈಯಲಿಲ್ಲ.

"ಅವತ್ತು ನಮ್ಮ ಹೆಸರು ಕೂಗಿದಾಗ ನಾವು ಒಂಬತ್ತು ಜನ ಇದ್ವಿ," ಎಂದಳು. "ಸುಮ್ನೆ ಎದ್ದು ಹೊರಗೆ ಬಂದ್ವಿ. ಕೂತೇ ಇದ್ದಿದ್ರೆ ಏನಾಗ್ತಿತ್ತೋ, ನಂಗಿನ್ನೂ ಗೊತ್ತಿಲ್ಲ."

ಮಾರನೆಯ ಬೆಳಿಗ್ಗೆ ಉಲ್ಯಾನಾ ಆರು ಮಗ್ಗ ಚಾಲೂ ಮಾಡಿದಳು. ರಿಮ್ಮಾಳ ಎರಡನ್ನು ಮಾಡಲಿಲ್ಲ.

ಓಡುವ ನಾಲ್ಕು ನೂರರ ನಡುವೆ ಎರಡು ನಿಂತರೆ ಸದ್ದಿನಲ್ಲಿ ಏನೂ ವ್ಯತ್ಯಾಸವಾಗುವುದಿಲ್ಲ. ಕಣ್ಣಿಗೆ ಮಾತ್ರ ಕಾಣುತ್ತದೆ. ಬಾಯಲ್ಲಿ ಹಲ್ಲು ಬಿದ್ದ ಜಾಗದಂತೆ ಕಾಣುತ್ತದೆ. ಕಪಿತೊಲಿನಾ ಓಡಿಬಂದು ಮಗ್ಗದ ಸನ್ನೆಗೋಲು ಎಳೆದು ಎರಡನ್ನೂ ಚಾಲೂ ಮಾಡಿದಳು. ಉಲ್ಯಾನಾ ನಿಲ್ಲಿಸಿದಳು. ಮತ್ತೆ ಚಾಲೂ ಮಾಡಿದಳು. ಮತ್ತೆ ನಿಲ್ಲಿಸಿದಳು. ಮೂರನೆಯ ಸಲ ಕಪಿತೊಲಿನಾ ಕೈ ಎತ್ತಿದಳು, ಹೊಡೆಯುವವಳಂತೆ. ಹೊಡೆಯಲಿಲ್ಲ. ಏದುಸಿರು ಬಿಡುತ್ತಾ ಹೊರಟುಹೋದಳು.

ಹತ್ತು ಗಂಟೆಗೆ ರಿಮ್ಮಾ ಬಂದಳು. ಬೇಸಿಗೆಯ ತಿಳಿ ಬಣ್ಣದ ಫ್ರಾಕು. ಮುಖ ಕೆಂಪಗಿತ್ತು. ನೇರ ಉಲ್ಯಾನಾಳ ಎದುರಿಗೆ ಬಂದು ಏನೋ ಕೂಗಿದಳು. ಕುತ್ತಿಗೆಯ ನರ ಉಬ್ಬುವಂತೆ ಕೂಗಿದಳು. ಅವಳಿಗೆ ತನ್ನ ದನಿ ತನಗೇ ಕೇಳುತ್ತಿರಲಿಲ್ಲ. ಉಲ್ಯಾನಾಳಿಗೆ ಮಾತ್ರ ತುಟಿ ಓದಿ ಪ್ರತಿಯೊಂದು ಮಾತೂ ತಿಳಿಯಿತು. ನಾನು ನಿನಗೇನು ಮಾಡಿದೆ? ನನ್ನ ಪುಸ್ತಕ ಕೊಟ್ಟೆ, ನಿನ್ನ ಜೊತೆ ಕೂತು ಪಾಠ ಹೇಳಿದೆ, ನಾನು ನಿನ್ನ ಗೆಳತಿ ಅಲ್ಲವಾ?

ಉಲ್ಯಾನಾ ದನಿ ಎತ್ತಲಿಲ್ಲ. ತುಟಿ ಬಿಡಿಸಿ ಬಿಡಿಸಿ ಹೇಳಿದಳು. ಈ ಎರಡು ನಿನ್ನವು. ಎರಡು ವರ್ಷದಿಂದ ನಿನ್ನವು. ನಡೆಸು.

ರಿಮ್ಮಾಳಿಗೆ ಅರ್ಥವಾಗಲಿಲ್ಲ. ಸಾಲಿನುದ್ದಕ್ಕೂ ನಿಂತಿದ್ದ ನಲವತ್ತು ಹೆಂಗಸರಿಗೆ ಅರ್ಥವಾಯಿತು. ನಲವತ್ತೂ ತಲೆ ಈ ಕಡೆ ತಿರುಗಿದವು.

ಉಲ್ಯಾನಾ ಕೈ ತೋರಿಸಿದಳು. ರಿಮ್ಮಾ ಆ ಮಗ್ಗ ನೋಡಿದಳು, ಹೆಂಗಸರನ್ನು ನೋಡಿದಳು. ಹಿಂದೆ ಸರಿಯುವವಳಲ್ಲ, ಅದನ್ನು ಒಪ್ಪಬೇಕು. ಸನ್ನೆ ಹಿಡಿದು ಎಳೆದಳು. ಮಗ್ಗ ಹೊರಟಿತು. ಲಾಳಿ ನಾಲ್ಕು ಸಲ ಅತ್ತಿಂದಿತ್ತ ಹಾರಿತು. ಹಾಸಿನ ಎಳೆ ಕಡಿಯಿತು. ಅವಳು ನಿಲ್ಲಿಸುವುದು ಹೇಗೆಂದು ಹುಡುಕುತ್ತಿರುವಾಗಲೇ ಇನ್ನೂ ಹತ್ತು ಕಡಿದವು. ಬಟ್ಟೆಯಲ್ಲಿ ಅಂಗೈ ಅಗಲದ ತೂತು ಬಿತ್ತು. ಉಲ್ಯಾನಾ ಕೈ ಚಾಚಿ ನಿಲ್ಲಿಸಿದಳು. ರಿಮ್ಮಾ ಕಡಿದ ತುದಿಗಳನ್ನು ಹಿಡಿದು ಗಂಟು ಹಾಕಲು ನೋಡಿದಳು. ಜಾರಿತು. ಮತ್ತೆ ನೋಡಿದಳು. ಜಾರಿತು. ಫ್ರಾಕಿನ ತೋಳಿಗೆ ಎಣ್ಣೆ ಹತ್ತಿತು. ಕಣ್ಣಲ್ಲಿ ನೀರು ಬಂತು.

ಉಲ್ಯಾನಾ ನೋಡುತ್ತಾ ನಿಂತಳು. ಮರುಕ ಬರಬೇಕಿತ್ತು. ಬರಲಿಲ್ಲ. ಹಸಿದ ಹೊಟ್ಟೆಗೆ ಬಿಸಿ ಸೂಪು ಇಳಿದಂತೆ ಸಂತೋಷ ಇಳಿಯಿತು. ಇನ್ನೊಂದು ಎಳೆ ಕಡಿಯಲಿ ಎಂದು ಕಾದಳು. ಇವಳು ಇನ್ನಷ್ಟು ಅಳಲಿ ಎಂದು ಕಾದಳು.

ರಿಮ್ಮಾ ದಾರ ಬಿಟ್ಟು ಹೊರಟಳು. ಓಡಲಿಲ್ಲ. ಎರಡು ಸಾಲಿನ ನಡುವೆ ನಡೆದುಕೊಂಡೇ ಹೋದಳು. ಬಾಗಿಲು ದಾಟುವವರೆಗೂ ಹೆಂಗಸರು ನೋಡುತ್ತಲೇ ಇದ್ದರು.

ಆಗ ಮೂರನೆಯ ಸಾಲಿನಲ್ಲಿ ಒಂದು ಮಗ್ಗ ನಿಂತಿತು. ಎಳೆ ಕಡಿದು ನಿಂತದ್ದಲ್ಲ. ದಪ್ಪ ಮೈಯ ಮವ್ರಾ ಎಂಬ ಹೆಂಗಸು ಸನ್ನೆ ಎಳೆದು ನಿಲ್ಲಿಸಿದ್ದಳು. ಅದು ಆಸ್ಪತ್ರೆಯ ದೊಡ್ಡ ಡಾಕ್ಟರರ ಮಗನದು ಎಂದು ತುಟಿಯಲ್ಲಿ ಹೇಳಿದಳು. ಏಳನೆಯ ಸಾಲಿನಲ್ಲಿ ಇನ್ನೊಂದು. ಅದು ಅಂಗಡಿ ಮೇಲ್ವಿಚಾರಕನ ತಮ್ಮನ ಮಗಳದು. ಕೊನೆಯ ಸಾಲಿನಲ್ಲಿ ಮತ್ತೊಂದು. ಊಟದ ಗಂಟೆ ಹೊಡೆಯುವಾಗ ಐದು ಮಗ್ಗ ನಿಂತಿದ್ದವು. ಹೀಗೆ ಐದು ಇವೆ ಎಂದು ಅದುವರೆಗೆ ಯಾರಿಗೂ ಗೊತ್ತಿರಲಿಲ್ಲ. ಪ್ರತಿಯೊಬ್ಬಳೂ ತನ್ನದೊಂದೇ ಎಂದು ನಾಚಿಕೆಯಿಂದ ಬಾಯಿ ಮುಚ್ಚಿಕೊಂಡಿದ್ದಳು.

ಮೂರು ದಿನ ಆ ಐದೂ ನಿಂತಿದ್ದವು. ನಾಲ್ಕನೆಯ ದಿನ ಗೌರವ ಫಲಕದಿಂದ ಚಿತ್ರ ಹೋಯಿತು. ಐದು ಮಗ್ಗಕ್ಕೂ ನೇಯುವವರ ಹೆಸರೇ ಬಿತ್ತು. ಮಾಸ್ಕೋಗೆ ಆ ವರ್ಷ ಗಿರಣಿಯಿಂದ ಯಾರನ್ನೂ ಕಳಿಸಲಿಲ್ಲ.

ಗೆದ್ದೆವು ಎಂದು ಯಾರಾದರೂ ಹೇಳಿದರೆ ಅದು ಸುಳ್ಳು. ಬೇರೆ ಊರಿನ ಕಾರ್ಖಾನೆಯೊಂದರಿಂದ ರಿಮ್ಮಾಳಿಗೆ ಇನ್ನೊಂದು ಕಾಗದ ಸಿಕ್ಕಿತು. ಜುಲೈ ಮುಗಿಯುವುದರೊಳಗೆ ಅವಳು ಮಾಸ್ಕೋ ಸೇರಿದಳು. ಕಪಿತೊಲಿನಾಳನ್ನು ಪಿಂಚಣಿಗೆ ಒಂದು ವರ್ಷ ಮೊದಲು ಗೋದಾಮಿಗೆ ಹಾಕಿದರು. ಯುವಸಂಘಕ್ಕೆ ಹೊಸ ಕಾರ್ಯದರ್ಶಿ ಬಂದ. ಉಲ್ಯಾನಾಳನ್ನು ಬಣ್ಣದ ಮನೆಗೆ ಕಳಿಸಿದರು. ಅಲ್ಲಿ ಮೊಣಕೈವರೆಗೂ ಸುಡುನೀರು, ಬಣ್ಣದ ಹಬೆ. ಕಿವಿಗೆ ಮಾತ್ರ ಸ್ವಲ್ಪ ವಿಶ್ರಾಂತಿ.

ಓದಿಗೆ ಅರ್ಜಿ ಹಾಕಲು ತನಗೂ ಶೀಲಪತ್ರ ಬೇಕೆಂದು ಅವಳು ಕೇಳಿದಳು. ಕೊಡುವುದಿಲ್ಲ ಎನ್ನಲು ಕಾಯಿದೆ ಬಿಡಲಿಲ್ಲ. ನಾಲ್ಕು ಸಾಲು ಬರೆದು ಮುದ್ರೆ ಒತ್ತಿ ಕೊಟ್ಟರು. ದುಡಿಮೆಯಲ್ಲಿ ಚುರುಕು. ಓದಿನಲ್ಲಿ ಸಾಧಾರಣ. ಸಂಗಾತಿಗಳೊಂದಿಗೆ ಹೊಂದಾಣಿಕೆ ಕಡಿಮೆ. ಸ್ವಭಾವತಃ ಅಸೂಯಾಪರಳು.

ಅದೇ ಕಾಗದ ಹಿಡಿದು ಬಸ್ಸು ಹತ್ತಿ, ಒಂದು ಗಂಟೆ ದೂರದ ನಗರದ ಜವಳಿ ಸಂಸ್ಥೆಗೆ ಹೋದಳು. ಅರ್ಜಿ ತೆಗೆದುಕೊಳ್ಳುವ ಮೇಜಿನ ಹಿಂದೆ ಒಬ್ಬ ಕನ್ನಡಕದ ಹೆಂಗಸು ಕೂತಿದ್ದಳು. ಕಾಗದವನ್ನು ಎರಡು ಸಲ ಓದಿದಳು.

"ಇದನ್ನ ಯಾಕಮ್ಮ ತಂದೆ? ಹರಿದು ಬಿಸಾಕಿ ಬೇರೆ ಬರೆಸ್ಕೊಂಡು ಬಾ."

"ಬೇರೆ ಬರೆಯೋರಿಲ್ಲ."

"ಅಸೂಯಾಪರಳು ಅಂತ ಬರೆದಿದಾರಲ್ಲ, ಗೊತ್ತಾ?"

"ಗೊತ್ತು. ಸುಳ್ಳಲ್ಲ. ತಗೊಳ್ಳಿ."

ಹೆಂಗಸು ಕನ್ನಡಕ ತೆಗೆದು ಅವಳನ್ನು ನೋಡಿದಳು. ಮೊಣಕೈವರೆಗೂ ನೀಲಿಗಟ್ಟಿದ ತೋಳು ನೋಡಿದಳು. ಕಾಗದವನ್ನು ಉಳಿದವುಗಳ ಜೊತೆಗಿಟ್ಟು ದಾರ ಕಟ್ಟಿದಳು.

ಆಗಸ್ಟಿನಲ್ಲಿ ಪರೀಕ್ಷೆ ನಡೆಯಿತು. ತಿಂಗಳ ಕೊನೆಗೆ ಗೋಡೆಗೆ ಎರಡು ಪಟ್ಟಿ ಅಂಟಿಸಿದರು. ಒಂದು ಹಗಲು ತರಗತಿಯದು. ಇನ್ನೊಂದು ಸಂಜೆ ತರಗತಿಯದು. ಹಗಲಿನದು ಐದು ವರ್ಷ, ಸಂಜೆಯದು ಆರು ವರ್ಷ. ಉಲ್ಯಾನಾ ಮೊದಲು ಹಗಲಿನ ಪಟ್ಟಿಯ ಮುಂದೆ ನಿಂತಳು. ನೂರ ಎಂಬತ್ತು ಹೆಸರು. ಒಂದೊಂದಾಗಿ ಎಲ್ಲವನ್ನೂ ಓದಿದಳು. ಇವರಲ್ಲಿ ಎಷ್ಟು ಜನ ನಿಜವಾಗಿ ದುಡಿದವರು, ಎಷ್ಟು ಜನರ ಕೆಲಸವನ್ನು ಇನ್ಯಾರೋ ಮಾಡಿದರು? ಹೆಸರಿನಿಂದ ತಿಳಿಯುವುದಿಲ್ಲ. ಅವಳ ಹೆಸರು ಅದರಲ್ಲಿ ಇರಲಿಲ್ಲ. ಒಂದು ಅಂಕ ಕಡಿಮೆ ಬಿದ್ದಿತ್ತು. ಸಂಜೆಯ ಪಟ್ಟಿಯಲ್ಲಿ, ಕೆಳಗಿನಿಂದ ನಾಲ್ಕನೆಯದು, ಪೆಸ್ತೊವಾ ಉಲ್ಯಾನಾ ಯೆಗೊರೊವ್ನಾ.

ಪಕ್ಕದಲ್ಲಿ ನಿಂತಿದ್ದ, ಎರಡು ಜಡೆಯ ಹುಡುಗಿ ಕೇಳಿದಳು.

"ಸಿಕ್ತಾ ನಿಮ್ಮ ಹೆಸ್ರು?"

"ಸಿಕ್ತು. ಸಂಜೇದರಲ್ಲಿ."

"ಮತ್ತೆ ಮುಖ ಯಾಕೆ ಹಂಗೆ? ಖುಷಿ ಇಲ್ವಾ?"

"ಇದೆ," ಎಂದಳು ಉಲ್ಯಾನಾ. "ಹೊಟ್ಟೇನೂ ಉರೀತಿದೆ. ಎರಡೂ ಇದೆ."

ಹುಡುಗಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಉಲ್ಯಾನಾ ಗೋಡೆಯ ಗಡಿಯಾರ ನೋಡಿದಳು. ಬಣ್ಣದ ಮನೆಯ ಎರಡನೆಯ ಪಾಳಿ ಮೂರಕ್ಕೆ. ಅವಳು ಬಸ್ಸಿಗೆ ಹೊರಟಳು.